ಚಿಕ್ಕಬೈರಪ್ಪನ ಹಿಂದೆ ಬಂದ ಗೊರಸು

ನಗಬೇಡಿ. ಜಯನಗರದಲ್ಲಿ ಲೈಟು ಹಾಕ್ಕೊಂಡು ಕೂತೋರಿಗೆ ನಗು ಬರುತ್ತೆ, ಗೊತ್ತು. ಇದು ನಮ್ಮ ದೊಡ್ಡಮ್ಮ ಅಕ್ಕಯಮ್ಮನಿಗೇ ಆಗಿದ್ದು. ಐವತ್ತೆಂಟನೇ ಇಸವೀಲಿ, ಕೋಣನಕುಂಟೆ ಬಾವಿ ದಾಟಿ ಮನೆಗೆ ಬರೋವಾಗ... ಪೂರ್ತಿ ಕತ್ತಲೂ ಆಗಿರಲಿಲ್ಲ.

ದೊಡ್ಡಪ್ಪ ತೀರಿಕೊಂಡಿದ್ದ. ನಮ್ಮ ಕಡೆ ಹನ್ನೊಂದನೇ ದಿನ, ಪ್ರಾಣ ಹೋದ ಜಾಗದಲ್ಲಿ ರಾಗಿ ಹಿಟ್ಟು ಹರಡಿ, ಮೇಲೆ ಮಂಕರಿ ಬುಟ್ಟಿ ಕವುಚಿ ಇಡ್ತಾರೆ. ಸತ್ತೋರು ಏನಾಗಿ ಹುಟ್ಟುತ್ತಾರೋ ಅದರ ಹೆಜ್ಜೆ ಬೆಳಗ್ಗೆ ಕಾಣುತ್ತಂತೆ. ಮಂಕರಿ ಎತ್ತಿದ್ರೆ... ಸೀಳು ಗೊರಸಿನ ಗುರುತು. ದೊಡ್ಡಮ್ಮನ ಮೈದುನ ಚಿಕ್ಕಬೈರಪ್ಪ ಕಾಯ್ತಾ ಇದ್ದೋನ ಹಾಗೆ ಶುರು ಮಾಡಿದ. "ಅಣ್ಣ ಜಿಂಕೆ ಆಗವ್ನೆ ಅತ್ತಿಗೆ. ಕಾಡಂಚಿನ ಹೊಲಕ್ಕೆ ನೀವು ಕಾಲಿಟ್ರೆ ಅವನಿಗೆ ನೆಮ್ಮದಿ ಇರಲ್ಲ. ಹೊಲ ನಂಗೆ ಬಿಟ್ಬಿಡಿ."

ಆ ಹೊಲ ಹೋದ್ರೆ ದೊಡ್ಡಮ್ಮನಿಗೆ ಊಟಕ್ಕೇ ಗತಿ ಇಲ್ಲ. ಬಗ್ಗಿ ನೋಡಿದ್ಲು.

"ತುದಿ ಮೊಂಡಾಗಿದೆ. ಇದು ಮೇಕೆ ಕಾಲು ಕಣೋ. ನೀನೇ ಒತ್ತಿದೀಯ. ಬಾ, ಜಿಂಕೆ ಹೆಜ್ಜೆ ಹೆಂಗಿರುತ್ತೆ ತೋರಿಸ್ತೀನಿ."

ಸಂಜೆ ಅವನನ್ನ ತುರಹಳ್ಳಿ ಕುರುಚಲು ಕಾಡಿಗೆ ಎಳ್ಕೊಂಡೇ ಹೋದ್ಲು. ಜಿಂಕೆ ಮಲಗಿ ಎದ್ದ ಕಡೆ ಹುಲ್ಲು ಒತ್ತಿಕೊಂಡಿತ್ತು. ಪಕ್ಕದಲ್ಲೇ ಹಸಿ ಹಿಕ್ಕೆ. ಕೊಂಬು ಉಜ್ಜಿ ಎಳೆ ಮರದ ತೊಗಟೆ ಸುಲಿದಿತ್ತು. ನೀರಿನ ಕುಂಟೆ ಕೆಸರಲ್ಲಿ ಚೂಪು ಗೊರಸಿನ ಗುರುತು. "ನೋಡ್ಕೋ," ಅಂದ್ಲು.

ವಾಪಸ್ ಬರ್ತಾ, ಬಾವಿ ಹತ್ರ... ಟಕ್. ಟಕ್. ಬಂಡೆ ಮೇಲೆ ಗೊರಸಿನ ಸದ್ದು. ಇವರು ನಿಂತ್ರೆ ನಿಲ್ಲುತ್ತೆ. ನಡೆದ್ರೆ ಬರುತ್ತೆ. ಆಮೇಲೆ ಬುಸ್ ಅಂತ ಒಂದು ಉಸಿರು... ತಿರುಗಿದ್ರೆ ಏನೂ ಇಲ್ಲ.

"ಅತ್ತಿಗೆ, ಓಡಿ," ಅಂತ ಅವನು ಪಿಸುಗುಟ್ಟಿದ.

"ನಾನ್ಯಾಕೆ ಓಡ್ಲಿ? ನನ್ನ ಹೊಲದ ದಾರಿ ಇದು."

ಅವಳಿಗೂ ಭಯ ಆಗಿತ್ತು. ಕೋಪ ಅದಕ್ಕಿಂತ ಜಾಸ್ತಿ ಇತ್ತು. ಸದ್ದು ಬಂದ ಕಡೆಗೇ ಮುಖ ಮಾಡಿ ನಿಂತ್ಲು. "ಯಾರಾದ್ರೂ ಆಗಿರಿ. ನನ್ನ ಗಂಡನೇ ಆಗಿದ್ರೂ ಸರಿ. ಹೊಲ ಮಾತ್ರ ಬಿಡಲ್ಲ."

ಚಿಕ್ಕಬೈರಪ್ಪ ಬಿದ್ದಂಬೀಳ ಓಡಿದ. ಟಕ್ ಟಕ್ ಟಕ್... ಅದು ಅವಳ ಪಕ್ಕದಲ್ಲೇ ಹಾದು, ಅವನ ಹಿಂದೆ ಹೋಯ್ತು.

ಬೆಳಗ್ಗೆ ನಾನೇ ಕಣ್ಣಾರೆ ನೋಡಿದೀನಿ. ದಾರಿ ಮಣ್ಣಲ್ಲಿ ಅವನ ಒಂದೊಂದು ಹೆಜ್ಜೆ ಮೇಲೂ ಚೂಪು ಗೊರಸು. ದೊಡ್ಡಮ್ಮನ ಹೆಜ್ಜೆ ಮೇಲೆ ಒಂದೂ ಇಲ್ಲ. ಆ ವರ್ಷ ಅವಳೇ ಅವರೆ ಬಿತ್ತಿದ್ಲು, ಅವನು ಹೊಲದ ಮಾತೇ ಎತ್ತಲಿಲ್ಲ. ನಂಬೋದು ಬಿಡೋದು ನಿಮ್ಮಿಷ್ಟ, ನಡೆದಿದ್ದಂತೂ ನಿಜ. ಆ ಗೊರಸು ಅವನ ಹೊಸಿಲು ದಾಟಿ ಒಳಗೆ ಹೋಗಿತ್ತು. ಹೊರಗೆ ಬಂದ ಗುರುತು ಇರಲಿಲ್ಲ.