ಮಿಕೋಲನ ಕಾರ್ಖಾನೆ ಟೀಮು

ನಿಮ್ಮ ಟೀಮು ಸೋತದ್ದಕ್ಕೆ ಮುಖ ಊದಿಸ್ಕೊಂಡು ಕೂತ್ಕೋಬೇಡಿ ಅಂತ ಹೇಳಿದ್ದು ನಾನು, ಅಷ್ಟೆ. ಸೋತ ಟೀಮು ಇನ್ನೂ ಉಂಟು ಅಂತ ಆಯ್ತಲ್ಲ, ಬರುವ ವಾರ ಮತ್ತೆ ಆಡ್ತದೆ. ಇದು ನನ್ನ ಮಾತಲ್ಲ, ಮಿಕೋಲನ ಮಾತು. ಮಿಕೋಲ ಯಾರು ಅಂತ ನಿಮಗೆ ಹೇಗೆ ಗೊತ್ತಿರ್ತದೆ, ನೀವು ಹುಟ್ಟಿರಲಿಲ್ಲ, ನಿಮ್ಮಮ್ಮನೇ ಆಗ ಆರನೇ ಕ್ಲಾಸು, ಅಲ್ಲ, ಏಳನೆಯದು. ಈಗ ಈ ಲುಸೈಲಿನ ಬಾಲ್ಕನಿಯಲ್ಲಿ ಕೂತ್ರೆ ಸ್ಟೇಡಿಯಮ್ಮೂ ಕಾಣ್ತದೆ, ಟ್ರಾಮೂ ಕಾಣ್ತದೆ. ಆಗ ಇಲ್ಲಿ ಎಂತ ಇತ್ತು, ಬರೀ ಮರಳು. ನಾವಿದ್ದದ್ದು ದೋಹಾದ ಇನ್ನೊಂದು ಮಗ್ಗುಲು, ಮುಐದರಿನಲ್ಲಿ. ಒಂದು ವಿಲ್ಲಾವನ್ನು ಪ್ಲೈವುಡ್ ಹಾಕಿ ಐದು ಪಾಲು ಮಾಡಿದ್ರು, ಗೇಟಿನ ಹತ್ತಿರದ ಡ್ರೈವರ್ ಕೋಣೆ ಸೇರಿಸಿದ್ರೆ ಆರು. ನಮ್ಮದು ಕೆಳಗಿನ ಎರಡು ಕೋಣೆ. ಪಕ್ಕದವರು ಸೀನಿದ್ರೆ ನಮ್ಮ ದೇವರ ದೀಪ ಅಲ್ಲಾಡ್ತದೆ ಅಂತ ನಿಮ್ಮಜ್ಜ ತಮಾಷೆ ಮಾಡ್ತಿದ್ರು. ಆಗಸ್ಟಿನಲ್ಲಿ ಏಸಿ ಕೆಟ್ಟರೆ ಒದ್ದೆ ಬೈರಾಸು ಹೊದ್ದು ಕೂರುವುದು. ಟ್ಯಾಂಕರ್ ಬಾರದ ದಿನ ಅರ್ಧ ಬಕೆಟ್ ನೀರಿನಲ್ಲಿ ಮೂರು ಜನರ ಸ್ನಾನ. ಅದೆಲ್ಲ ಇರಲಿ, ಅದಕ್ಕೆ ಅಭ್ಯಾಸ ಆಗ್ತದೆ. ನನಗೆ ಅಭ್ಯಾಸ ಆಗದೇ ಇದ್ದದ್ದು ಸುಮ್ಮನೆ ಕೂರುವುದು, ಗೊತ್ತುಂಟಾ. ನಾನು ಮಂಗಳೂರಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಬಿ.ಎಸ್ಸಿ. ಮಾಡಿದವಳು. ಕ್ಲಾಸಿನಲ್ಲಿ ಹುಡುಗಿಯರು ನಾಲ್ಕೇ ಜನ, ಫಸ್ಟ್ ಕ್ಲಾಸ್ ಬಂದದ್ದು ನನಗೊಬ್ಬಳಿಗೆ. ಇಲ್ಲಿ ಬಂದ ಮೇಲೆ ನನ್ನ ಪರ್ಮಿಟಿನಲ್ಲಿ ಒಂದೇ ಶಬ್ದ, ಗೃಹಿಣಿ. ಕೆಲಸ ಮಾಡ್ಲಿಕ್ಕಿಲ್ಲ, ಖಲಾಸ್. ಹಾಗಾಗಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಪುಸ್ತಕದಲ್ಲಿ ಬರೆದಿಡ್ತಿದ್ದೆ. ಟ್ಯಾಂಕರ್ ಬಂದ ಹೊತ್ತು, ಮರಳುಗಾಳಿ ಎದ್ದ ದಿನ, ನಿಮ್ಮಮ್ಮನ ಜ್ವರ ಗಂಟೆಗಂಟೆಗೆ ಎಷ್ಟು ಡಿಗ್ರಿ. ನಿಮ್ಮಜ್ಜ ನಗ್ತಿದ್ರು. "ನಿನಗೆ ಈ ದೇಶದ ಜನಗಣತಿ ಕೊಟ್ಟಿದ್ರೆ ಒಬ್ಬಳೇ ಮುಗಿಸ್ತಿದ್ದಿ ಮಾರಾಯ್ತಿ" ಅಂತ. ನಗಾಡಿದ್ರೂ ಅವರಿಗೆ ನನ್ನ ಪುಸ್ತಕದ ಮೇಲೆ ಭಾರೀ ನಂಬಿಕೆ. ನನಗಂತೂ ಕೇಳ್ಬೇಡಿ.

ಈ ಮಿಕೋಲ ಮೇಲಿನ ಕೋಣೆಯವನು, ಯುಕ್ರೇನಿನವ. ನಿಮ್ಮಜ್ಜನ ಕಂಪೆನಿಯಲ್ಲೇ ವೆಲ್ಡಿಂಗ್ ಇನ್‌ಸ್ಪೆಕ್ಟರ್. ಕೋಣೆ ಇಲ್ಲಿ, ಕೆಲಸ ಮಾತ್ರ ದೂರ ಮರಳುಗಾಡಿನ ಸೈಟಿನಲ್ಲಿ. ಆರು ವಾರಕ್ಕೊಮ್ಮೆ ಬರ್ತಿದ್ದ, ಎರಡು ದಿನ ಇದ್ದು ಹೋಗ್ತಿದ್ದ. ಆನೆಯ ಹಾಗಿನ ಆಳು, ಬಿಸಿಲಿಗೆ ಕಿವಿ ಯಾವಾಗಲೂ ಕೆಂಪು. ನನ್ನನ್ನು ಮೇಡಂ ಅಂತ ಕರೆಯುವುದು, ಇಂಗ್ಲಿಷು ಅರ್ಧಂಬರ್ಧ, ನಮ್ಮ ಮಾತಿನಲ್ಲಿ ಕಲ್ತದ್ದು ಒಂದೇ, "ಎಂತ". ಬಾಗಿಲ ಹತ್ರ ನಿಂತು "ಮೇಡಂ, ಇವತ್ತು ಎಂತ?" ಅಂದ ಅಂದ್ರೆ ಗೋಳಿಬಜೆ ಉಂಟಾ ಅಂತ ಅರ್ಥ. ಹದಿನೈದು ತಿಂದ ದಿನವೂ ಉಂಟು, ನಾನು ಎಣಿಸಿದ್ದೇನೆ. ತಿನ್ನುತ್ತಾ ಅವನು ಮಾತಾಡುವುದು ಒಂದೇ ವಿಷಯ, ಅವನ ಊರಿನ ಫುಟ್‌ಬಾಲ್ ಟೀಮು. ಆ ಊರಿನ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ, ನಾವು ಕಾರ್ಖಾನೆ ಟೀಮು ಅಂತ್ಲೇ ಹೇಳ್ತಿದ್ದೆವು. ಊರು ಅಂದ್ರೆ ಕಾರ್ಖಾನೆಯೇ, ಟ್ರಾಕ್ಟರಿನ ಎಂಜಿನ್ ಮಾಡುವುದು. ಆಟಗಾರರೆಲ್ಲ ಹೆಸರಿಗೆ ಅಲ್ಲಿಯ ಕೆಲಸಗಾರರೇ, ಒಬ್ಬ ಫಿಟ್ಟರು, ಒಬ್ಬ ಟರ್ನರು ಅಂತ ಹಾಜರಿ ಪುಸ್ತಕದಲ್ಲಿ ಬರ್ಕೊಳ್ಳುವುದು, ಆದ್ರೆ ಸ್ಪ್ಯಾನರ್ ಮುಟ್ಟಿದವರೇ ಅಲ್ಲ. ಕಾರ್ಖಾನೆಯ ಹಿಂದಿನ ಗೋಡೆಯಲ್ಲಿ ಒಂದು ಸಣ್ಣ ಬಾಗಿಲು, ಆ ಬಾಗಿಲು ದಾಟಿದ್ರೆ ಸ್ಟೇಡಿಯಂ. ಶನಿವಾರ ಪಾಳಿ ಮುಗಿಸಿದವರು ಎಣ್ಣೆ ಕೈಯಲ್ಲೇ ಆ ಬಾಗಿಲಿನಿಂದ ಆಟಕ್ಕೆ ಬರ್ತಿದ್ರಂತೆ. ಗೆದ್ದರೆ ಕಾರ್ಖಾನೆಯ ಸೈರನ್ ಊದುವುದು. ಮಿಕೋಲನ ಅಪ್ಪ ಯೌವನದಲ್ಲಿ ಅದೇ ಟೀಮಿನ ಗೋಲ್‌ಕೀಪರು, ಆಮೇಲೆ ಅದೇ ಮೈದಾನ ನೋಡ್ಕೊಳ್ಳುವ ಕೆಲಸ, ಹುಲ್ಲು ಕತ್ತರಿಸುವುದು, ಸುಣ್ಣದ ಗೆರೆ ಹಾಕುವುದು. ತಾಯಿ ಇಲ್ಲ, ಅಣ್ಣತಮ್ಮ ಇಲ್ಲ, ಅಪ್ಪ ಮಗ ಇಬ್ಬರೇ. ಎದುರೆದುರು ಕೂತ್ರೆ ಅವರಿಗೆ ಬೇರೆ ಮಾತು ಬರ್ತಿರಲಿಲ್ವಂತೆ, ಮ್ಯಾಚು ನೋಡ್ತಾ ಕೂತ್ರೆ ಮಾತ್ರ ಮಾತು.

ಸೈಟಿನ ಕ್ಯಾಂಪಿನಲ್ಲಿ ಇಂಟರ್ನೆಟ್ ಇಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ, ಆಫೀಸಿನಲ್ಲಿ ಒಂದು ಫೋನು. ನಮ್ಮ ಮನೆಯಲ್ಲಿ ಹಳೇ ಕಂಪ್ಯೂಟರು, ಕಾರ್ಡ್ ಹಾಕಿ ಕನೆಕ್ಟ್ ಮಾಡಿದ್ರೆ ಕುಂಯ್ ಕುಂಯ್ ಅಂತ ಐದು ನಿಮಿಷ ಅಳ್ತಿತ್ತು. ಒಂದು ದಿನ ಮಿಕೋಲ ಮೆಲ್ಲಗೆ ಕೇಳಿದ. "ಮೇಡಂ, ನೀವು ಎಲ್ಲ ಬರೀತೀರಿ. ನನ್ನ ಟೀಮು ಬರೀತೀರಾ?" ಅವರ ಲಿಪಿ ನನಗೆ ಬರುವುದಿಲ್ಲವಲ್ಲ, ಅವನು ಟೀಮಿನ ಹೆಸರನ್ನು ಒಂದು ರಟ್ಟಿನ ಮೇಲೆ ದಪ್ಪಕ್ಕೆ ಬರೆದು ಕೊಟ್ಟ, ನಾನು ಚಿತ್ರ ಗುರುತು ಹಿಡಿದ ಹಾಗೆ ಗುರುತು ಹಿಡೀತಿದ್ದೆ. ಅಂಕೆಗಳು ಮಾತ್ರ ನಮ್ಮ ಇಂಗ್ಲಿಷಿನವೇ. ಅವು ಇದ್ದರೆ ನನಗೆ ಸಾಕು ಅಂದ್ಕೊಂಡೆ. ಭಾನುವಾರ ಬೆಳಿಗ್ಗೆ ಇಂಟರ್ನೆಟ್ಟಿನಲ್ಲಿ ಅವರ ಲೀಗಿನ ಪುಟ ನೋಡಿ ಬರೆಯುವುದು, ಸಂಜೆ ಏಳಕ್ಕೆ ಕ್ಯಾಂಪಿಗೆ ಫೋನು. ಎತ್ತುವವನು ಬಸವರಾಜ, ಗದಗಿನ ಕಡೆಯವ, ಕ್ಯಾಂಪಿನ ಗುಮಾಸ್ತ. "ಅಕ್ಕಾರ, ತಡೀರಿ, ನಿಮ್ಮ ಗೌಡ್ರನ್ನ ಕರೀತೇನಿ" ಅಂತ ಮಿಕೋಲನಿಗೆ ಗೌಡ ಅಂತ ಪಟ್ಟ ಕಟ್ಟಿದವ ಅವನೇ. ನಾನು ಬರೆಯಲಿಕ್ಕೆ ಶುರು ಮಾಡಿದ ವರ್ಷ ಟೀಮು ಮೂರನೇ ದರ್ಜೆಯಲ್ಲಿ ಮೊದಲು ಬಂತು, ಮರುವರ್ಷ ಎರಡನೇ ದರ್ಜೆಯಲ್ಲೂ ಮೇಲೆ ಮೇಲೆ ಹೋಯ್ತು. ರಾಜಧಾನಿಯ ಒಂದು ದೊಡ್ಡ ಟೀಮನ್ನೇ ಒಮ್ಮೆ ಸೋಲಿಸಿದ್ರು, ಎರಡು-ಒಂದು. ಅವತ್ತು ಫೋನಿನಲ್ಲಿ ಅವನ ಮಾತೇ ಇಲ್ಲ, ಬಸವರಾಜ ಹೇಳಿದ, "ಅಕ್ಕಾರ, ಗೌಡ್ರು ಮಾತಾಡವಲ್ರು, ಹೊರಗ ಹೋಗಿ ಲಾರಿ ಹಾರ್ನ್ ಹೊಡ್ಯಾಕತ್ತಾರ." ಆಮೇಲೆ ಕಾರ್ಖಾನೆ ಬೇರೆ ಯಾರಿಗೋ ಮಾರಾಟ ಆಯ್ತು. ಹೊಸ ಯಜಮಾನನಿಗೆ ಫುಟ್‌ಬಾಲ್ ಬೇಡ, ಟ್ರಾಕ್ಟರೂ ಬೇಡ, ಜಾಗ ಬೇಕಿತ್ತು ಅಂತ ಮಿಕೋಲ ಹೇಳ್ತಿದ್ದ. ಒಳ್ಳೆಯ ಆಟಗಾರರು ಒಬ್ಬೊಬ್ಬರೇ ಬಿಟ್ಟರು. ಪುಸ್ತಕದಲ್ಲಿ ಸೋಲು ಜಾಸ್ತಿ ಆಗ್ತಾ ಬಂತು. ಆ ಮಾತು ಅವನು ಹೇಳಿದ್ದು ಆಗಲೇ, "ಸೋಲಲಿ ಮೇಡಂ, ಸೋಲ್ತಾರೆ ಅಂದ್ರೆ ಆಡ್ತಾರೆ."

ಅಲ್ಲಿ ಚಳಿಗಾಲದಲ್ಲಿ ಆಟ ಇಲ್ಲ, ಹಿಮ. ಮಾರ್ಚ್ ಕೊನೆಗೆ ಮತ್ತೆ ಶುರು. ಆ ವರ್ಷ ಮೊದಲ ವಾರ ನೋಡ್ತೇನೆ, ಸೊನ್ನೆ-ಮೂರು, ಸೋಲು. ಮೂರರ ಪಕ್ಕ ಸಣ್ಣದೊಂದು ನಕ್ಷತ್ರದ ಗುರುತು, ಪುಟದ ಕೆಳಗೆ ಅದೇ ಗುರುತು ಹಾಕಿ ಒಂದು ಸಾಲು, ಅವರ ಲಿಪಿಯಲ್ಲಿ. ಅವತ್ತಿನ ಮ್ಯಾಚು ಬೇರೆ ಊರಿನಲ್ಲಿ ಇತ್ತು. ಓಹೋ, ಪರವೂರಿನ ಆಟಕ್ಕೆ ಈ ಗುರುತು ಅಂತ ನಾನೇ ತೀರ್ಮಾನ ಮಾಡಿದೆ. ಪುಸ್ತಕದಲ್ಲಿ ನಕ್ಷತ್ರ ಹಾಕ್ಲಿಲ್ಲ, ಪರವೂರು ಅಂತ ಬರೆದೆ. ಎರಡನೇ ವಾರ ಸ್ವಂತ ಊರಿನಲ್ಲೇ ಮ್ಯಾಚು, ಮತ್ತೆ ಸೊನ್ನೆ-ಮೂರು, ಮತ್ತೆ ನಕ್ಷತ್ರ. ನಾನು ಎಂತ ಅಂದ್ಕೊಂಡೆ ಗೊತ್ತುಂಟಾ? ಅವರ ಗುಮಾಸ್ತನೇ ತಪ್ಪು ಹಾಕಿದ್ದಾನೆ ಅಂದ್ಕೊಂಡೆ. ನಾನು ತಪ್ಪಿರಬಹುದು ಅಂತ ತಲೆಗೇ ಬರ್ಲಿಲ್ಲ. ಕೆಳಗಿನ ಸಾಲು ಜಾಹೀರಾತು ಇರಬೇಕು ಅಂತ ಬಿಟ್ಟೆ. ಮೂರನೇ ವಾರ, ನಾಲ್ಕನೇ ವಾರ, ಅದೇ. ಫೋನಿನಲ್ಲಿ ಬಸವರಾಜ ನಗಾಡಿದ. "ಮತ್ತ ಮೂರಾ ಅಕ್ಕಾರ? ಮೂರಕ್ಕ ಹೆಚ್ಚೂ ಇಲ್ಲ, ಕಡಿಮಿನೂ ಇಲ್ಲ. ಏನ್ ತಕ್ಕಡ್ಯಾಗ ತೂಗಿ ಕೊಡ್ತಾರೇನ್ರಿ?" ನಾನೂ ನಕ್ಕೆ. ಸ್ಟ್ಯಾಟಿಸ್ಟಿಕ್ಸ್ ಓದಿದವಳು, ಒಂದೇ ಅಂಕೆ ನಾಲ್ಕು ವಾರ ಬಂದ್ರೆ ಮೊದಲು ಅನುಮಾನ ಬರಬೇಕಾದ್ದು ನನಗೆ. ಗದಗಿನ ಹುಡುಗನಿಗೆ ಬಂತು, ನನಗೆ ಬರ್ಲಿಲ್ಲ.

ಮಿಕೋಲನಿಗೆ ಎರಡು ವರ್ಷಕ್ಕೊಮ್ಮೆ ರಜೆ, ಅದು ಏಪ್ರಿಲ್ ಮಧ್ಯಕ್ಕೆ ಮಂಜೂರಾಗಿತ್ತು, ಒಂದು ತಿಂಗಳು. ಆ ವರ್ಷ ಸೈಟಿನಲ್ಲಿ ಶಟ್‌ಡೌನ್ ಕೆಲಸ, ಅಂದ್ರೆ ಪ್ಲಾಂಟ್ ನಿಲ್ಲಿಸಿ ರಿಪೇರಿ ಮಾಡುವುದು, ಹಾಗಾಗಿ ದೋಹಾಕ್ಕೆ ಬರ್ಲಿಕ್ಕೇ ಬಿಟ್ಟಿರಲಿಲ್ಲ. ಬಂದಿದ್ರೆ ಕಂಪ್ಯೂಟರ್ ಅವನೇ ನೋಡ್ತಿದ್ದ. ಏಪ್ರಿಲ್ ಶುರುವಿನ ಒಂದು ಭಾನುವಾರ ಫೋನಿನಲ್ಲಿ ಕೇಳಿದ.

"ಮೇಡಂ, ಕೊನೆಯ ಮ್ಯಾಚು ಯಾವಾಗ? ನಮ್ಮ ಊರಿನಲ್ಲಿ?"

ನಾನು ಪಟ್ಟಿ ನೋಡಿ ಹೇಳಿದೆ, "ಜೂನ್ ಎರಡನೇ ಶನಿವಾರ."

"ಈ ವರ್ಷ ಆದ ಮೇಲೆ ಟೀಮು ಇರಲಿಕ್ಕಿಲ್ಲ. ಅಪ್ಪನ ಜೊತೆ ಕೊನೆಯದ್ದೊಂದು ನೋಡ್ಬೇಕು. ನೀವು ಸರಿಯಾಗಿ ನೋಡಿದ್ರಾ?"

"ನನ್ನ ಪುಸ್ತಕದಲ್ಲಿ ತಪ್ಪಿರುವುದಿಲ್ಲ ಮಿಕೋಲ."

ಹಾಗೇ ಹೇಳಿದೆ, ಇದೇ ಬಾಯಲ್ಲಿ. ಅವನು ರಜೆಯನ್ನು ಜೂನಿಗೆ ಬದಲಾಯಿಸಿದ. ಶಟ್‌ಡೌನಿನಲ್ಲಿ ಒಬ್ಬ ಇನ್‌ಸ್ಪೆಕ್ಟರ್ ಉಳಿದ ಅಂತ ಮ್ಯಾನೇಜರಿಗೆ ಖುಷಿ, ಅರ್ಜಿ ನೋಡಿದ ತಕ್ಷಣ ಮಾಫಿ ಮುಶ್ಕಿಲ್, ಏನೂ ತೊಂದರೆ ಇಲ್ಲ ಅಂತ ಸಹಿ. ನಾನು ಮಾತ್ರ ಪ್ರತಿ ಭಾನುವಾರ ಸೊನ್ನೆ-ಮೂರು ಅಂತ ಹೇಳ್ತಾ ಇದ್ದೆ.

ಮೇ ತಿಂಗಳಲ್ಲಿ ಒಂದು ಗುರುವಾರ ಸಂಜೆ ಊರಿನಿಂದ ಅವನ ಚಿಕ್ಕಮ್ಮ, ಅವನು ಕೊಟ್ಟಿಟ್ಟಿದ್ದ ನಮ್ಮ ನಂಬರಿಗೆ ಫೋನ್ ಮಾಡಿದ್ಲು. ಅವಳ ಮಾತು ನನಗೆ ಗೊತ್ತಿಲ್ಲ, ನನ್ನದು ಅವಳಿಗೆ ಗೊತ್ತಿಲ್ಲ. ಮಿಕೋಲ ಮಿಕೋಲ ಅಂತ ಹೇಳಿದ್ಲು, ಪಾಪಾ ಅಂದ್ಲು, ಆಮೇಲೆ ಅತ್ತಳು. ಅದು ಯಾವ ಭಾಷೆಯಲ್ಲಾದ್ರೂ ಅರ್ಥ ಆಗ್ತದೆ. ನಿಮ್ಮಜ್ಜ ಕ್ಯಾಂಪಿಗೆ ಫೋನ್ ಮಾಡಿ, ಯಾರದ್ದೋ ಪಿಕಪ್ ಹಿಡಿಸಿ ಅವನನ್ನು ಕರೆಸಿದ್ರು. ಆದ್ರೆ ಆಗ ಈ ದೇಶದಿಂದ ಹೊರಗೆ ಹೋಗ್ಬೇಕಾದ್ರೆ ಕಂಪೆನಿಯವರು ಸಹಿ ಹಾಕಿದ ಕಾಗದ ಬೇಕು. ಶುಕ್ರವಾರ ಶನಿವಾರ ಆಫೀಸು ರಜೆ, ಸಹಿ ಹಾಕುವವರು ಊರಲ್ಲೇ ಇಲ್ಲ. ಎರಡು ದಿನ ಆ ಆನೆಯಂಥ ಮನುಷ್ಯ ನಮ್ಮ ಮೆಟ್ಟಿಲ ಮೇಲೆ ಬ್ಯಾಗು ತೊಡೆಯ ಮೇಲಿಟ್ಟು ಕೂತಿದ್ದ. ಚಾ ಕೊಟ್ಟೆ, ಕುಡಿದ. ಊಟ ಕೊಟ್ಟೆ, ಬೇಡ ಅಂದ. ಮೊದಲಿನ ರಜೆ ಇಟ್ಕೊಂಡಿದ್ರೆ ಅವನು ಆ ಹೊತ್ತಿಗೆ ಅಪ್ಪನ ಹತ್ತಿರ ಒಂದು ತಿಂಗಳು ಇದ್ದು ಬಂದಾಗಿರ್ತಿತ್ತು ಅಂತ ನನ್ನ ತಲೆ ಲೆಕ್ಕ ಹಾಕ್ತಾನೇ ಇತ್ತು, ಆದ್ರೂ ಕೊನೆಯ ಮ್ಯಾಚಿಗೋಸ್ಕರ ಅಲ್ವಾ ಅಂತ ಸಮಾಧಾನ ಮಾಡ್ಕೊಂಡೆ. ಭಾನುವಾರ ಕಾಗದ ಸಿಕ್ಕಿತು. ಅವನು ಮುಟ್ಟುವಾಗ ಮಣ್ಣು ಮಾಡಿ ಆಗಿತ್ತು.

ಹದಿನೆಂಟು ದಿನ ಬಿಟ್ಟು ಬಂದ. ನಾನು ಬಾಗಿಲು ತೆಗೆದವಳು ಎಂತ ಮಾತಾಡುವುದು ಅಂತ ಗೊತ್ತಾಗದೆ ಕೇಳಿದೆ, "ಮ್ಯಾಚಿಗೆ ನಿಲ್ಲಲಿಲ್ವಾ ಮಿಕೋಲ? ಇನ್ನೂ ಎರಡು ಉಂಟಲ್ಲ."

"ಮ್ಯಾಚು ಇಲ್ಲ ಮೇಡಂ" ಅಂದ. "ಟೀಮು ಇಲ್ಲ. ಚಳಿಗಾಲದಿಂದ ಇಲ್ಲ."

ನಾನು ಪುಸ್ತಕ ತಂದೆ. ನೋಡಿ ನನ್ನ ಬುದ್ಧಿ, ಅವನಿಗೇ ಸಾಕ್ಷಿ ತೋರಿಸ್ಲಿಕ್ಕೆ ಹೋದೆ. ಅವನು ಜಗಳ ಮಾಡ್ಲಿಲ್ಲ, ಕಂಪ್ಯೂಟರ್ ಹಾಕಿ ಅಂದ. ಆ ಪುಟದ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಶಬ್ದ ಇಂಗ್ಲಿಷಿನಲ್ಲಿ ಹೇಳಿದ. ಈ ಟೀಮು ಸ್ಪರ್ಧೆಯಿಂದ ಹಿಂದೆ ಸರಿದಿದೆ, ಎದುರಾಳಿಗಳಿಗೆಲ್ಲ ಗೆಲುವು ಕೊಡಲಾಗಿದೆ. ಅಷ್ಟೇ ಮಕ್ಕಳೇ. ಆಡದೆ ಇದ್ದ ಆಟಕ್ಕೆ ಕೊಡುವ ಅಂಕೆ ಅದು, ಮೂರು. ಗೋಡೆಯ ಸಣ್ಣ ಬಾಗಿಲಿಗೆ ಇಟ್ಟಿಗೆ ಕಟ್ಟಿದ್ರಂತೆ. ಗೋಲಿನ ಕಂಬಗಳನ್ನು ಗುಜರಿಗೆ ಕೊಯ್ದು ಕೊಂಡುಹೋಗಿದ್ರಂತೆ.

ನಾನು ಕೇಳಿದೆ, "ಅಪ್ಪ ಹೇಳಲಿಲ್ವಾ ನಿನಗೆ? ತಿಂಗಳಿಗೊಮ್ಮೆ ಫೋನಿನಲ್ಲಿ ಮಾತಾಡ್ತಿದ್ದಿಯಲ್ಲ?"

"ನಾನೇ ಮೊದಲು ಹೇಳ್ತಿದ್ದೆ, ಮತ್ತೆ ಮೂರಾ ಅಪ್ಪ ಅಂತ. ಅವನು ಸ್ವಲ್ಪ ತಡೆದು ಹೌದು ಮೂರು ಅಂತಿದ್ದ." ಅವನು ಕಿಟಕಿಯ ಕಡೆ ನೋಡಿದ. "ಚಿಕ್ಕಮ್ಮನ ಹತ್ರ ಹೇಳಿದ್ದನಂತೆ, ಅಷ್ಟು ದೂರದಲ್ಲಿ ಅವನಿಗೆ ಟೀಮು ಇನ್ನೂ ಉಂಟು, ಇರಲಿ ಬಿಡು ಅಂತ. ನಾನು ಬಂದ ಮೇಲೆ ಎದುರಿಗೆ ಕೂರಿಸಿ ಹೇಳುವ ಅಂತ ಇದ್ದ. ನಿಮ್ಮ ತಪ್ಪಲ್ಲ ಮೇಡಂ."

ಅವನು ಒಳ್ಳೆಯವ, ಹಾಗೆ ಹೇಳಿದ. ನಿಮ್ಮಜ್ಜನೂ ಹಾಗೇ ಹೇಳಿದ್ರು. ಆದ್ರೆ ಮುದುಕ ಸುಳ್ಳು ಹೇಳಿದ್ದು ಪ್ರೀತಿಗೆ. ಅವನ ಬಾಯಿಗೆ ಆ ಸುಳ್ಳು ಹಾಕಿಕೊಟ್ಟದ್ದು ನಾನು, ಅದೂ ಪ್ರೀತಿಗಲ್ಲ, ನನಗೆ ಗೊತ್ತುಂಟು ಅನ್ನುವ ಜಂಬಕ್ಕೆ. ಮುದುಕ ಏಪ್ರಿಲಿನಲ್ಲಿ ದಿನಾ ಮಗನ ದಾರಿ ನೋಡಿರಬಹುದು, ರಜೆ ಯಾಕೆ ಜೂನಿಗೆ ಹೋಯ್ತು ಅಂತ ಅವನಿಗೆ ಗೊತ್ತಿತ್ತಾ ಇಲ್ವಾ, ಅದನ್ನು ಕೇಳುವ ಧೈರ್ಯ ನನಗೆ ಆಗ್ಲಿಲ್ಲ. ಮರುದಿನ ಪುಸ್ತಕದಲ್ಲಿ, ಅವನು ಊರಿಗೆ ಹೋಗುವವರೆಗೆ ಬರೆದಿದ್ದ ಆ ಏಳು ಸಾಲಿನ ಮೂರುಗಳನ್ನು ಹೊಡೆದು ಹಾಕ್ಲಿಲ್ಲ, ಪ್ರತಿಯೊಂದರ ಪಕ್ಕ "ಆಡಲಿಲ್ಲ" ಅಂತ ಬರೆದೆ. ಅವನು ಆ ವರ್ಷವೇ ಕೆಲಸ ಬಿಟ್ಟು ಬೇರೆ ದೇಶಕ್ಕೆ ಹೋದ. ಒಂದೆರಡು ಸಲ ಕಾರ್ಡು ಬಂತು, ಆಮೇಲೆ ಇಲ್ಲ.

ನೀವೆಲ್ಲ ನನಗಿಂತ ದೊಡ್ಡ ಶಾಲೆಯಲ್ಲಿ ಕಲೀತಿದ್ದೀರಿ, ಇನ್ನೂ ಎಷ್ಟೋ ಕಲೀತೀರಿ, ಕಲೀರಿ. ಆದ್ರೆ ಗೊತ್ತಿಲ್ಲದ್ದು ಎದುರಿಗೆ ಬಂದ್ರೆ ಇದು ಗೊತ್ತಿಲ್ಲ ಅಂತ ಬಾಯಿ ಬಿಟ್ಟು ಹೇಳಿ. ಅಲ್ಲಿ ಜಾಗ ಖಾಲಿ ಬಿಟ್ರೂ ಅಡ್ಡಿಲ್ಲ, ನಿಮ್ಮ ಊಹೆಯಿಂದ ತುಂಬಿಸ್ಬೇಡಿ. ಅದನ್ನು ನಂಬಿ ಯಾರೋ ಪಾಪದವರು ರಜೆ ಹಾಕಿರ್ತಾರೆ.