ಅಪ್ಪನ ಕಡೆಯಿಂದಲೂ ಬರ್ತದೆ

ಹಾಗಲ್ಲ ಶ್ರೀರಕ್ಷಾ. ತಾಯಿ ಕಡೆಯಿಂದ ಮಾತ್ರ ಅಲ್ಲ, ಅಪ್ಪನ ಕಡೆಯಿಂದಲೂ ಬರ್ತದಂತೆ ಈ ಎದೆ ಕ್ಯಾನ್ಸರ್. ನಂಗೂ ಗೊತ್ತಿರಲಿಲ್ಲ ಮಾರಾಯ್ತಿ. ಗಂಡಸಿಗೆ ಎಂತದು ಅಂತ ಮಂಗಳೂರಿನ ಡಾಕ್ಟರ ಹತ್ರ ಕೇಳಿದೆ. ಗಂಡಸು ಮಕ್ಕಳಿಗೆ ದಾಟಿಸ್ತಾನೆ ಅಂದ್ರು.

ಮಗು ಎದ್ದಳಾ? ಹಾಲು ಕುಡಿಸು, ನಾನು ಈಚೆ ತಿರುಗಿ ಕೂತ್ಕೊಳ್ತೇನೆ.

ನನ್ನ ತಂಗಿ, ನಿನ್ನ ದಾಕ್ಷಾಯಣತ್ತೆಗೆ ಬಂತಲ್ಲ, ಅವಳ ರಕ್ತದಲ್ಲಿ ಆ ಜೀನ್ ಸಿಕ್ಕಿತು. ಅದಕ್ಕೇ ನನ್ನನ್ನೂ ಕರೆಸಿದ್ದು. ನನ್ನ ಅಮ್ಮನ ವಿಷಯವನ್ನೂ ಕೇಳಿದ್ರು, ಎಷ್ಟು ಪ್ರಾಯದಲ್ಲಿ ಹೋದ್ರು, ಎಂತ ಆಗಿತ್ತು ಅಂತ. ಎಂತ ಹೇಳೋದು... ಎದೆಯಲ್ಲಿ ಗಂಟು ಇದ್ದದ್ದನ್ನ ಅವಳು ಕೊನೇವರೆಗೆ ಸೆರಗು ಹೊದ್ದೇ ಮುಚ್ಚಿಟ್ಟಳು. ಎಲ್ಲ ಕಂಪ್ಯೂಟರಿಗೆ ಹಾಕಿ ಲೆಕ್ಕ ಹೇಳಿದ್ರು. ತಂಗಿಗೆ ಇದೆ, ಹಾಗಾಗಿ ನಂಗೆ ಇರೋ ಸಂಭವ ಅರ್ಧ. ನಿಂಗೆ ಅದರ ಅರ್ಧ, ಕಾಲು.

ಯಾಕೆ ನಗ್ತೀ? ಹೌದು, ಕೊಪ್ಪದ ಹೈಸ್ಕೂಲಲ್ಲಿ ಸಂಭವನೀಯತೆ ಪಾಠ ಮಾಡಿದವ ನಾನೇ. ನಾಣ್ಯ ಹಾರಿಸಿ ತೋರಿಸಿದ್ರೆ ಮಕ್ಕಳಿಗೆ ಕೂಡಲೇ ಅರ್ಥ ಆಗ್ತಿತ್ತು. ಡಾಕ್ಟರು ಅರ್ಧ ಅಂದಾಗ ನಂಗೇ ಅರ್ಥ ಆಗ್ಲಿಲ್ಲ. ಇನ್ನೊಮ್ಮೆ ಹೇಳಿ ಅಂದೆ.

ಕಾಲು ಅಂದ್ರೆ ಮುಕ್ಕಾಲು ಪಾಲು ನಿಂಗೆ ಇಲ್ಲ ಅಂತ್ಲೇ. ಇದ್ದರೂ ರೋಗ ಬಂದೇ ಬರ್ತದೆ ಅಂತಲ್ಲ. ಜೀನ್ ಇರೋ ನೂರು ಹೆಂಗಸರಲ್ಲಿ ಅರವತ್ತು, ಎಪ್ಪತ್ತು ಜನಕ್ಕೆ ಬರಬಹುದು ಅಂತ ಅಂದಾಜು... ಅವರಲ್ಲಿ ನೀನೋ, ಉಳಿದವರಲ್ಲಿ ನೀನೋ, ಅದನ್ನ ಮಾತ್ರ ಯಾವ ಲೆಕ್ಕವೂ ಹೇಳೋದಿಲ್ಲ. ವರ್ಷ ವರ್ಷ ಸ್ಕ್ಯಾನ್ ಮಾಡಿಸ್ತಾರಂತೆ. ಬೇಗ ಗೊತ್ತಾದ್ರೆ ಮದ್ದಿದೆ.

ನಂದಾ? ನನ್ನ ರಕ್ತದ ರಿಪೋರ್ಟು ಇನ್ನೂ ಬಂದಿಲ್ಲ. ತಡ ಆಗ್ತದಂತೆ. ಸದ್ಯಕ್ಕೆ ಕಾಲು ಅಂತ್ಲೇ ಇಟ್ಕೊಳ್ಳುವ.

ಇವತ್ತಾ? ಇಲ್ಲ, ಸುಮ್ಮನೆ ಬಂದೆ. ನಿನ್ನನ್ನ ನೋಡ್ಬೇಕು ಅನ್ನಿಸ್ತು, ಬಸ್ಸು ಹತ್ತಿದೆ. ನಿನ್ನ ಈ ಜಯಪುರ ಎಂತ ದೂರವಾ? ನಿನ್ನ ಅಮ್ಮನಿಗೆ... ಅಮ್ಮನಿಗೆ ಹೇಳಿ ಬರಲಿಲ್ಲ, ಅವಳು ಮಲಗಿದ್ದಳು.

ಎಂತಾಯ್ತು?

ಬಯ್ಯಿ ಬೇಕಾದ್ರೆ ಕೂಸೇ. ಹಾಗೆ ನೋಡ್ಬೇಡ.

ನಿನ್ನೆ ಮಂಗಳೂರಿಂದ ಫೋನ್ ಮಾಡಿದ್ರು. ನನ್ನಲ್ಲಿ ಇದೆ. ನಿಂದು ಕಾಲಲ್ಲ ಈಗ, ಅರ್ಧ. ಬಸ್ಸಲ್ಲಿ ಇಡೀ ದಾರಿ ಹೇಗೆ ಹೇಳೋದು ಅಂತ ಯೋಚನೆ ಮಾಡ್ದೆ. ಬಾಗಿಲಲ್ಲಿ ನಿನ್ನ ಮುಖ ಕಂಡ ಮೇಲೆ ಕಾಲು ಅಂತ್ಲೇ ಹೇಳಿಬಿಟ್ಟೆ.

ಮಗುವನ್ನ ಯಾಕೆ ನನ್ನ ಮಡಿಲಿಗೆ ಹಾಕ್ತೀ... ಬೇಡ.

ನೀನೂ ಹಿಡ್ಕೋ.