ಕಟ್ ಹೇಳದ ಮದುವೆ ಸೀನು

ಹೇಳಿಕೆ ಕೊಡುತ್ತಿರುವವರು: ಭಾರ್ಗವಿ, ತಂದೆ ಜಯಚಂದ್ರ, ವಯಸ್ಸು 20 ವರ್ಷ, ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿನಿ. ಸ್ವಂತ ಊರು ಸೆಟ್ಟೂರು ಮಂಡಲದ ಜಾಲಿಕುಂಟೆ. ಸದ್ಯ ವಾಸ ಹಿಂದೂಪುರ, ಬಸ್ ಸ್ಟ್ಯಾಂಡಿನ ಹಿಂದಿನ ಬೀದಿ, ಬಾಡಿಗೆ ರೂಮು. ಜಾತಿ ಕೇಳಿದರು. ಕಂಪ್ಲೇಂಟ್ ಕೊಡೋದಕ್ಕೆ ಜಾತಿ ಬೇಕಿಲ್ಲ ಎಂದೆ. ಆ ಜಾಗ ಖಾಲಿ ಬಿಡಲಾಗಿದೆ.

ನಮ್ಮೂರು ಆಂಧ್ರದ ಗಡಿಯಲ್ಲಿದ್ದರೂ ನಾನು ಓದಿದ್ದು ಕನ್ನಡ ಮೀಡಿಯಂ. ತೆಲುಗು ಮಾತಾಡುತ್ತೇನೆ. ಆದರೆ ನನ್ನ ಸಹಿ ಬೀಳುವ ಕಾಗದ ನಾನು ಅಕ್ಷರ ಅಕ್ಷರ ಓದುವಂತಿರಬೇಕು ಎಂದು ಹಟ ಹಿಡಿದಿದ್ದರಿಂದ, ಗಡಿ ಕಡೆಯವರೇ ಆದ ಹೆಡ್ ಕಾನ್‌ಸ್ಟೇಬಲ್ ಉಜ್ಜಿನಪ್ಪನವರು ಇದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಾರೆ. ನಾನು ಬೈದದ್ದನ್ನೂ ಬರೀರಿ ಎಂದಿದ್ದೇನೆ.

ಈ ಮೂಲಕ ತಿಳಿಸುವುದೇನೆಂದರೆ,

ನಾನು ಮತ್ತು ನನ್ನ ಕ್ಲಾಸಿನ ಹರಿಕೃಷ್ಣ, ಶಿರೀಷಾ ಸೇರಿ ಎರಡು ವರ್ಷದಿಂದ ಫೋನಿನಲ್ಲಿ ಕಿರುಚಿತ್ರ ಮಾಡುತ್ತಿದ್ದೇವೆ. ಹರಿಕೃಷ್ಣ ಕ್ಯಾಮೆರಾ, ಶಿರೀಷಾ ಬಟ್ಟೆ ಮತ್ತು ಮೇಕಪ್ಪು, ಬರೆಯುವುದು ಮತ್ತು ಡೈರೆಕ್ಷನ್ ನಾನು. ಹಾಸ್ಟೆಲಿನ ಬಾಗಿಲಿಲ್ಲದ ಬಚ್ಚಲಿನ ಮೇಲೆ ಒಂದು ಮಾಡಿದ್ದೇವೆ. ಗಾರ್ಮೆಂಟ್ಸಿನಲ್ಲಿ ಹೆಣ್ಣುಮಕ್ಕಳನ್ನು ಒಂದಕ್ಕೆ ಎದ್ದುಹೋಗಲು ಬಿಡದ ಮೇಸ್ತ್ರಿ ಮೇಲೆ ಒಂದು ಮಾಡಿದ್ದೇವೆ. ಸೋಮಂದೇಪಲ್ಲಿ, ಗೋರಂಟ್ಲ ಕಡೆ ಬೆಡ್‌ಶೀಟ್ ಕಟ್ಟಿ ತೋರಿಸಿದ್ದೇವೆ. ಶಿಳ್ಳೆಯೂ ಬಿದ್ದಿದೆ, ಕಲ್ಲೂ ಬಿದ್ದಿದೆ. ನಮ್ಮ ಕಷ್ಟದ ಮೇಲೆ ಬೇರೆಯವರು ಭಾಷಣ ಮಾಡುವುದನ್ನು ಕೇಳಿ ಸಾಕಾಗಿ ನಾವೇ ಫೋನು ಎತ್ತಿಕೊಂಡವರು ನಾವು.

ಮೂರನೆಯ ಚಿತ್ರ ‘ಖಾಲಿ ಬೆಂಚು’. ಹತ್ತನೇ ಕ್ಲಾಸಿನ ಹುಡುಗಿಗೆ ಪರೀಕ್ಷೆ ಮುಂಚೆ ಮದುವೆ ಮಾಡುತ್ತಾರೆ. ತಾಳಿ ಬೀಳುತ್ತದೆ. ಗಂಡಿನ ಗಾಡಿ ಹೊರಡುತ್ತದೆ. ಊರ ತಿರುವಿನಲ್ಲಿ ಹುಡುಗಿ ‘ಗಾಡಿ ನಿಲ್ಸಿ, ನಂದು ಪರೀಕ್ಷೆ ಐತೆ’ ಎಂದು ಕೂಗುತ್ತಾಳೆ. ಗಾಡಿ ನಿಲ್ಲುತ್ತದೆ. ಬಾಸಿಂಗ, ಹಾರದ ಸಮೇತ ಇಳಿದು ಶಾಲೆ ಕಡೆ ನಡೆಯುತ್ತಾಳೆ. ಇಷ್ಟೇ ಕಥೆ. ನನ್ನ ಹತ್ತನೇ ಕ್ಲಾಸಿನಲ್ಲಿ ನನ್ನ ಪಕ್ಕದ ಜಾಗ ಖಾಲಿಯಾದದ್ದು ಹಾಗೆಯೇ. ಅಲ್ಲಿ ಕೂರುತ್ತಿದ್ದವಳು ಇಳಿದು ಬರಲಿಲ್ಲ. ಸಿನಿಮಾದಲ್ಲಾದರೂ ಇಳಿಸೋಣ ಎಂದುಕೊಂಡೆ.

ಹುಡುಗಿ ಪಾತ್ರಕ್ಕೆ ನಮ್ಮೂರಿನ ಮೌನಿಕಾಳನ್ನು ಕೇಳಿದೆವು. ವಯಸ್ಸು 15, ಹತ್ತನೇ ಕ್ಲಾಸು, ನಮ್ಮ ಮನೆಯಿಂದ ಎರಡನೇ ಮನೆ. ಬಾಯಿಬಡುಕಿ, ಆದರೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವಳು. ಅವಳಿಗೆ ನಾನು ಕಲಿಸಿದ ಮೊದಲ ಪಾಠ: ಏನೇ ಆಗಲಿ, ನಾನು ಕಟ್ ಅನ್ನೋವರೆಗೂ ಪಾತ್ರ ಬಿಟ್ಟು ಏಳಬಾರದು. ನಾಯಿ ಬಂದರೂ ಏಳಬಾರದಾ ಅಕ್ಕಾ ಎಂದು ಕೇಳಿದಳು. ನಾಯಿಗೂ ನಾನೇ ಕಟ್ ಹೇಳ್ತೀನಿ ಎಂದೆ. ಬಿದ್ದು ಬಿದ್ದು ನಕ್ಕಳು.

ಅವಳ ತಂದೆ ನಾರಪ್ಪ ಮೊದಲು ಒಪ್ಪಲಿಲ್ಲ. ಹೆಣ್ಣುಮಗೂನ ಕುಣಿಸೋಕೆ ಬಂದಿದೀರಾ, ನಡೀರಿ ಎಂದರು. ಹತ್ತು ದಿನ ಬಿಟ್ಟು ಅವರೇ ನನಗೆ ಫೋನ್ ಮಾಡಿ, ಮಾಡ್ಕಳಮ್ಮ, ಊರಿಗೆ ಒಳ್ಳೇದಾಗ್ಲಿ ಎಂದರು. ಅಷ್ಟೇ ಅಲ್ಲ, ನಮ್ಮನೆ ಅಂಗಳದಲ್ಲೇ ಮಾಡಿ, ಚಪ್ಪರ ನಾವೇ ಹಾಕಿಸ್ತೀವಿ, ಜನಾನೂ ನಾವೇ ಕರೆಸ್ತೀವಿ, ಊಟಾನೂ ನಮ್ಮದೇ ಎಂದರು. ಐನೋರ ವೇಷಕ್ಕೆ ಯಾರನ್ನೋ ಯಾಕೆ ಹುಡುಕ್ತೀರಿ, ನಿಜವಾದವರೇ ಬತ್ತಾರೆ ಎಂದರು.

ಗಂಡಿನ ಪಾತ್ರ ಹರಿಕೃಷ್ಣ ಮಾಡಬೇಕಿತ್ತು, ಕ್ಯಾಮೆರಾವನ್ನು ಶಿರೀಷಾ ಹಿಡಿಯಬೇಕಿತ್ತು. ಇದೊಂದಕ್ಕೆ ನಾರಪ್ಪ ತಕರಾರು ಮಾಡಿದರು. ಬೇರೆ ಜಾತಿ ಹುಡುಗ ನನ್ ಮಗಳ ಕತ್ತಿಗೆ ಆಟಕ್ಕೂ ಕೈ ಹಾಕಂಗಿಲ್ಲ, ನಮ್ ಧರ್ಮೇಂದ್ರ ಕೂತ್ಕೋತಾನೆ ಎಂದರು. ಧರ್ಮೇಂದ್ರ ಎಂಬಾತ ಮೌನಿಕಾಳ ತಾಯಿ ನಾರಮ್ಮನವರ ತಮ್ಮ, ಅಂದರೆ ಮೌನಿಕಾಳಿಗೆ ಸೋದರಮಾವ. ವಯಸ್ಸು 28. ಹಿಂದೂಪುರದ ಕೈಗಾರಿಕಾ ಪ್ರದೇಶದಲ್ಲಿ ಲಾರಿ ಡ್ರೈವರು. ನಮ್ಮ ಕಡೆ ಸೋದರಮಾವ ಅಂದರೆ ಹುಟ್ಟಿದಾಗಲೇ ಬರೆದಿಟ್ಟ ಗಂಡು. ಇದು ನನಗೆ ಗೊತ್ತಿಲ್ಲದ ಸಂಗತಿ ಅಲ್ಲ. ಗೊತ್ತಿದ್ದೂ ಒಪ್ಪಿದೆ. ಮೊದಲನೇ ಸಲ ಒಂದು ಊರು ನಮ್ಮ ಮೇಲೆ ಕಲ್ಲು ಎಸೆಯದೆ ಚಪ್ಪರ ಹಾಕಿಕೊಡುತ್ತಿದೆ ಎಂಬ ಖುಷಿಯಲ್ಲಿ ನನ್ನ ಕಣ್ಣು ಮುಚ್ಚಿತ್ತು.

ಆದರೂ ಒಂದು ಎಚ್ಚರಿಕೆ ಮಾಡಿಕೊಂಡಿದ್ದೆವು. ನಮ್ಮ ಕಡೆ ಮದುವೆಯಲ್ಲಿ ಗಂಡು ಹೆಣ್ಣು ಒಬ್ಬರ ತಲೆ ಮೇಲೆ ಒಬ್ಬರು ಜೀರಿಗೆ ಬೆಲ್ಲ ಇಡುತ್ತಾರೆ. ಅದು ಬಿತ್ತು ಅಂದರೆ ಮದುವೆ ಆಯಿತು. ಆಮೇಲೆ ತಾಳಿಗೆ ಮೂರು ಗಂಟು. ನಾವು ಸೀನಿಗೆ ಜೀರಿಗೆ ಬೆಲ್ಲದ ಬದಲು ಹುಣಸೆಹಣ್ಣು ಇಡುವುದು, ತಾಳಿಗೆ ಎರಡೇ ಗಂಟು ಹಾಕುವುದು ಎಂದು ಮೊದಲೇ ಹೇಳಿದ್ದೆವು. ಎರಡು ಗಂಟಿಗೆ ನಿಂತರೆ ನಾಟಕ, ಮೂರನೆಯದು ಬಿದ್ದರೆ ಮದುವೆ. ನಮ್ಮೂರಲ್ಲಿ ಬೊಂಬೆಗೆ ಮದುವೆ ಮಾಡೋ ಮಕ್ಕಳಿಗೂ ಇದು ಗೊತ್ತು.

ದಿನಾಂಕ 22-02-2026ರ ಭಾನುವಾರ ಬೆಳಿಗ್ಗೆ ನಾವು ಮೂವರೂ ಜಾಲಿಕುಂಟೆಗೆ ಹೋದೆವು. ಚಪ್ಪರ ಹಾಕಿತ್ತು. ನೂರು ಜನರ ಮೇಲೆ ಸೇರಿದ್ದರು. ಎಲ್ಲ ರೇಷ್ಮೆ ಸೀರೆ, ಹೊಸ ಪಂಚೆ. ವಾಲಗದವರು ಬಂದಿದ್ದರು. ಎಷ್ಟು ನಿಜ ಕಾಣುತ್ತೆ ನೋಡು ಎಂದು ನಾನು ಶಿರೀಷಾಳಿಗೆ ಹೇಳಿದೆ. ನಿಜ ಕಾಣದೆ ಏನು. ಮೌನಿಕಾ ಬಾಸಿಂಗ ಕಟ್ಟಿಕೊಂಡು ಒಳಗೆ ಕೂತು, ತನ್ನ ಡೈಲಾಗನ್ನು ಬಾಯಲ್ಲಿ ಹೇಳಿಕೊಳ್ಳುತ್ತಿದ್ದಳು. ಅವಳ ಸೀರೆ ಸೆರಗಿನ ಒಳಗೆ ವೈರ್‌ಲೆಸ್ ಮೈಕು ಸಿಕ್ಕಿಸಿದ್ದು ಶಿರೀಷಾ.

ಹತ್ತು ಗಂಟೆ ಸುಮಾರಿಗೆ ಅಂಗನವಾಡಿ ಸೂಪರ್‌ವೈಸರ್ ಸರಿತಾ ಎಂಬುವವರು ಸ್ಕೂಟರಿನಲ್ಲಿ ಬಂದರು. ಈ ಮನೆಯಲ್ಲಿ ಬಾಲ್ಯವಿವಾಹ ನಡೀತಿದೆ ಅಂತ ಮಕ್ಕಳ ಸಹಾಯವಾಣಿಗೆ ಯಾರೋ ಫೋನ್ ಮಾಡಿದಾರೆ ಎಂದರು. ನಾರಪ್ಪ ಬಾಯಿ ಬಿಡಲಿಲ್ಲ. ನನ್ನ ಕಡೆ ಕೈ ತೋರಿಸಿದರು. ನಾನು ಹೋಗಿ, ಮೇಡಂ, ಇದು ಬಾಲ್ಯವಿವಾಹದ ವಿರುದ್ಧದ ಸಿನಿಮಾ, ಇದು ಶೂಟಿಂಗು ಎಂದು ಹೇಳಿ ಸ್ಕ್ರಿಪ್ಟು ತೋರಿಸಿದೆ. ಹಳೆಯ ಚಿತ್ರದ ತುಣುಕನ್ನೂ ತೋರಿಸಿದೆ. ಶಭಾಷ್ ಕಣಮ್ಮ, ನಿಮ್ಮಂಥ ಹುಡುಗರು ಬೇಕು ಎಂದರು. ಮೌನಿಕಾಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಪಾಯಸ ಕುಡಿದು ಹೊರಟರು.

ಆ ಅಧಿಕಾರಿಯನ್ನು ವಾಪಸ್ ಕಳಿಸಿದ್ದು ನಾರಪ್ಪ ಅಲ್ಲ, ನಾನು. ಇದನ್ನು ಸ್ಪಷ್ಟವಾಗಿ ಬರೆದುಕೊಳ್ಳಿ.

ಆಮೇಲೆ ಸೀನು ಶುರುವಾಯಿತು. ಅದಕ್ಕೂ ಮುಂಚೆ ನಾರಪ್ಪ ಬಂದು, ಒಂದು ಮಾತು ಕಣಮ್ಮ, ಮಧ್ಯದಲ್ಲಿ ಕಟ್ ಕಟ್ ಅಂತ ಅರಚ್ಬೇಡ, ದೊಡ್ಡೋರೆಲ್ಲ ಬಂದವ್ರೆ, ಕೆಟ್ಟದ್ದು ಅಂತಾರೆ, ಗಾಡಿ ಹೋಗೋವರೆಗೂ ಒಂದೇ ಏಟಿಗೆ ತಕ್ಕೊಂಬುಡು ಎಂದರು. ಒಂದೇ ಶಾಟಿನಲ್ಲಿ ತೆಗೆಯಬೇಕೆಂಬ ಆಸೆ ನನಗೂ ಇತ್ತು. ಆಯ್ತು ಎಂದೆ.

ಐನೋರ ತಟ್ಟೆಯಿಂದ ಜೀರಿಗೆ ವಾಸನೆ ಬಂತು. ಹುಣಸೆಹಣ್ಣು ಇರಲಿಲ್ಲ. ಧರ್ಮೇಂದ್ರ ಮೌನಿಕಾಳ ತಲೆ ಮೇಲೆ ಜೀರಿಗೆ ಬೆಲ್ಲ ಇಟ್ಟ. ಅವಳ ಕೈ ಹಿಡಿದು ಅವನ ತಲೆ ಮೇಲೂ ಇಡಿಸಿದರು. ತಾಳಿ ಬಂತು. ಒಂದು ಗಂಟು, ಎರಡು ಗಂಟು. ಮೂರನೆಯದನ್ನೂ ಹಾಕಿದ. ವಾಲಗದವರು ಜೋರಾಗಿ ಊದಿದರು. ಅಕ್ಷತೆ ಬಿತ್ತು. ಮೌನಿಕಾ ತಲೆ ಎತ್ತಿ ನನ್ನನ್ನೇ ನೋಡಿದಳು. ಮೂರು ಆಯ್ತಲ್ಲಕ್ಕಾ ಅನ್ನುವ ಹಾಗೆ ನೋಡಿದಳು. ಶಾಟು ಚೆನ್ನಾಗಿ ಬರುತ್ತಿದೆ ಎಂದು ನಾನು ಕೈಸನ್ನೆಯಲ್ಲಿ ಮುಂದುವರಿಸು ಎಂದೆ. ಅವಳು ತಲೆ ತಗ್ಗಿಸಿದಳು.

ಕೊನೆಯ ಶಾಟಿಗೆ ಬಿಳಿ ಬೊಲೆರೊ ನಿಂತಿತ್ತು. ಊರ ಕೆರೆಕುಂಟೆಯ ಏರಿ ಮೇಲಿನ ತಿರುವಿನಲ್ಲಿ ಹುಡುಗಿ ಕೂಗುತ್ತಾಳೆ, ಅಲ್ಲಿ ನಿಲ್ಲಿಸಿ ಎಂದು ಡ್ರೈವರಿಗೆ ಎರಡು ಸಲ ಹೇಳಿದ್ದೆ. ಆ ತಿರುವು ನಮ್ಮ ಕ್ಯಾಮೆರಾದಿಂದ ನೂರೈವತ್ತು ಮೀಟರ್. ಮೌನಿಕಾ ಹತ್ತಿದಳು. ಪಕ್ಕದಲ್ಲಿ ಧರ್ಮೇಂದ್ರ. ಹಿಂದೆ ಅವನ ಕಡೆಯವರು ನಾಲ್ಕು ಜನ. ಗಾಡಿ ಹೋಯಿತು. ತಿರುವು ಬಂತು. ಗಾಡಿ ನಿಲ್ಲಲಿಲ್ಲ.

ಸ್ವಲ್ಪ ಮುಂದೆ ಹೋಗಿ ತಿರುಗಿಸಿಕೊಂಡು ಬರುತ್ತಾರೆ ಎಂದು ಕಾದೆವು. ಹರಿಕೃಷ್ಣ ಕ್ಯಾಮೆರಾ ಇಳಿಸಲಿಲ್ಲ. ಆ ಕ್ಲಿಪ್ಪಿನಲ್ಲಿ ಬರೀ ಧೂಳಿದೆ. ಹಿಂದೆ ತಿರುಗಿ ನೋಡಿದರೆ ಜನ ಎಲೆ ಮುಂದೆ ಕೂತಿದ್ದರು. ಗಾಡಿ ಎಲ್ಲಿ ಎಂದು ನಾರಪ್ಪನವರನ್ನು ಕೇಳಿದೆ. ಮೀಸೆಯಲ್ಲೇ ನಕ್ಕು, ಸಿನಿಮಾ ಮುಗೀತಲ್ಲಮ್ಮ, ಊಟ ಮಾಡ್ಕೊಂಡು ಹೊರಡಿ, ಹೋಳಿಗೆ ಐತೆ ಎಂದರು. ಹುಡುಗಿ ಎಲ್ಲಿ ಎಂದು ಅರಚಿದೆ. ಹುಡುಗಿ ಗಂಡನ್ ಮನೆಗೆ ಹೋದ್ಲು, ನೀನೇ ಅಲ್ವಾ ಕಳಿಸಿದ್ದು ಎಂದರು. ಎಲೆ ಮುಂದೆ ಕೂತವರು ನಕ್ಕರು. ಆ ಹೋಳಿಗೆ ನಿಮ್ಮ ಗಂಟಲಿಗೆ ಸಿಕ್ಕಿಕೊಳ್ಳಲಿ ಎಂದು ಬೈದೆ. ಇದನ್ನೂ ಬರೀರಿ.

ನಾರಮ್ಮನವರು ಹಿತ್ತಲ ಬಾಗಿಲಲ್ಲಿ ನನ್ನ ಕೈ ಹಿಡಿದು ಎಳೆದರು. ಸಹಾಯವಾಣಿಗೆ ಫೋನ್ ಮಾಡಿದ್ದು ನಾನೇ ಕಣಮ್ಮ ಎಂದರು. ಸ್ವಂತ ತಮ್ಮನ ಮೇಲೆ, ಗಂಡನ ಮೇಲೆ ಫೋನ್ ಮಾಡ್ದೆ, ಆ ಯಮ್ಮ ಬಂದ್ಬುಟ್ಲು ಅಂತ ದೇವರಿಗೆ ಕೈ ಮುಗಿದೆ, ನೀನು ಅವಳಿಗೆ ಪಾಯಸ ಕುಡಿಸಿ ಕಳಿಸ್ಬುಟ್ಟೆ ಎಂದರು. ಶುಕ್ರವಾರ ಪ್ರಸ್ತ ಇಟ್ಟವ್ರೆ, ಅಲ್ಲೀವರ್ಗೂ ಹಿಂದೂಪುರದ ರೂಮಲ್ಲಿ ಹೊರಗಿಂದ ಚಿಲಕ ಹಾಕಿ ಇಡ್ತಾರೆ, ಅಷ್ಟರೊಳಗೆ ಏನಾದ್ರೂ ಮಾಡು ತಾಯಿ ಎಂದು ಧರ್ಮೇಂದ್ರನ ರೂಮಿನ ಗುರುತು ಹೇಳಿ ಒಳಗೆ ಹೋದರು.

ಪ್ರಸ್ತ ಅಂದರೆ ಏನು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಹದಿನೈದು ವರ್ಷದ ಹುಡುಗಿ. ಶುಕ್ರವಾರ ಅಂದರೆ ನಾಳೆ.

ಸೋಮವಾರ ನಮ್ಮೂರ ಕಡೆಯ ಠಾಣೆಗೆ ಹೋದೆವು. ಅಲ್ಲಿನ ಸಾಹೇಬರು, ಒಕಟಿ ಚೆಪ್ಪಮ್ಮಾ, ಸಿನಿಮಾನಾ ಪೆಳ್ಳಾ, ಸಿನಿಮಾನೋ ಮದುವೇನೋ ಒಂದು ಹೇಳು ಎಂದರು. ಅಧಿಕಾರಿ ಮುಂದೆ ಶೂಟಿಂಗ್ ಅಂತ ನೀನೇ ಹೇಳಿದೀಯಾ, ಹುಡುಗಿ ಅಪ್ಪಾನೂ ಶೂಟಿಂಗ್ ಅಂತಾನೆ, ಮಗಳು ಅಜ್ಜಿ ಮನೆಗೆ ಹೋಗಿದಾಳೆ ಅಂತಾನೆ ಎಂದರು. ಹುಡುಗಿ ಹಿಂದೂಪುರದಲ್ಲಿದ್ದರೆ ಹಿಂದೂಪುರಕ್ಕೆ ಹೋಗಿ ಎಂದರು.

ಹಿಂದೂಪುರಕ್ಕೆ ಮರಳುವಾಗ ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಹರಿಕೃಷ್ಣನಿಗೆ ಮೈಕಿನ ನೆನಪಾಯಿತು. ವಾಲಗದ ಸದ್ದಿಗೆ ಅವನು ಅವತ್ತು ಇಯರ್‌ಫೋನ್ ತೆಗೆದಿಟ್ಟಿದ್ದ. ಸೆರಗಿನ ಮೈಕು ಗಾಡಿಯೊಳಗೂ ಹೋಗಿತ್ತು. ತಿರುವು ದಾಟಿ ಸ್ವಲ್ಪ ದೂರದವರೆಗೆ ಅದರ ಸದ್ದು ನಮ್ಮ ಫೋನಿಗೆ ಬಂದು ಕೂತಿದೆ. ಅದರಲ್ಲಿ ಇರುವುದು ಇಷ್ಟು. ಮೊದಲು ಮೌನಿಕಾ, ಕಲಿಸಿದ ಧಾಟಿಯಲ್ಲೇ, ‘ಗಾಡಿ ನಿಲ್ಸಿ, ನಂದು ಪರೀಕ್ಷೆ ಐತೆ’ ಎನ್ನುತ್ತಾಳೆ. ಗಂಡಸೊಬ್ಬ ನಗುತ್ತಾನೆ. ಅವಳು ಇನ್ನೊಂದು ಸಲ ಅದೇ ಮಾತು ಹೇಳುತ್ತಾಳೆ. ಈ ಸಲ ಅದು ನಾನು ಕಲಿಸಿದ ಧಾಟಿ ಅಲ್ಲ. ಧರ್ಮೇಂದ್ರನ ದನಿ, ಸುಮ್ನೆ ಕೂತ್ಕಳೇ, ನಿನ್ ಸಿನಿಮಾ ಮುಗೀತು ಎನ್ನುತ್ತದೆ. ಬಾಗಿಲು ಬಡಿದ ಸದ್ದು. ಆಮೇಲೆ ಮೌನಿಕಾ, ಭಾರ್ಗವಕ್ಕಾ ಕಟ್ ಅನ್ನು, ಕಟ್ ಅನ್ನಕ್ಕಾ ಎನ್ನುತ್ತಾಳೆ. ಆಮೇಲೆ ಬರೀ ಗೊರಗೊರ.

ಮಂಗಳವಾರ ಇದೇ ಠಾಣೆಗೆ ಬಂದೆವು. ಮೇಜಿನ ಹಿಂದೆ ಇದ್ದವರು ಅರ್ಧ ಕೇಳಿ, ಡಬ್ಬಿಂಗ್ ಚೆನ್ನಾಗಿ ಮಾಡಿದೀರಿ ಎಂದರು. ನಡೆದದ್ದು ಆ ಕಡೆ, ಅಲ್ಲೇ ಕೊಡಿ ಎಂದರು. ಎಲ್ಲಿ ನಡೆದರೂ ಯಾವ ಠಾಣೆಯಲ್ಲಾದರೂ ದೂರು ಬರೆದುಕೊಳ್ಳಬೇಕು ಎನ್ನುವುದು ಕಾನೂನು. ಅದನ್ನು ಹೇಳಿದ್ದಕ್ಕೆ, ಲಾಯರಾ ನೀನು ಎಂದರು. ಅಲ್ಲ, ಡೈರೆಕ್ಟರು ಎಂದೆ. ನಕ್ಕು ಹೊರಗೆ ಕಳಿಸಿದರು. ಬುಧವಾರ ಗೇಟಿನಲ್ಲೇ ಕೂರಿಸಿದರು. ಊರವರು ನಕ್ಕರು, ಠಾಣೆಯವರು ನಕ್ಕರು. ಈ ಇಡೀ ವ್ಯವಹಾರದಲ್ಲಿ ನಗದೆ ಇರುವವಳು ಒಬ್ಬಳೇ, ಅವಳಿಗೆ ಹೊರಗಿನಿಂದ ಚಿಲಕ ಹಾಕಿದ್ದಾರೆ.

ಇವತ್ತು ಗುರುವಾರ. ಉಜ್ಜಿನಪ್ಪನವರು ಇಯರ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದರು. ಇನ್ನೊಂದು ಸಲ ಹಾಕು ಎಂದರು. ಆಮೇಲೆ ಪೆನ್ನು ತೆಗೆದರು. ಅವರಿಗೆ ಆ ವಯಸ್ಸಿನ ಮಗಳಿದ್ದಾಳೋ ಇಲ್ಲವೋ ನಾನು ಕೇಳಿಲ್ಲ. ಮಗಳಿದ್ದವರಿಗೆ ಮಾತ್ರ ಕಿವಿ ಕೇಳಿಸಬೇಕು ಅಂತೇನೂ ಇಲ್ಲ.

ಇಲ್ಲಿ ‘ನನ್ನ ಪ್ರಾರ್ಥನೆ’ ಎಂದು ಬರೆದಿದ್ದರು, ಹೊಡೆದು ಹಾಕಿಸಿದ್ದೇನೆ. ಇದು ಪ್ರಾರ್ಥನೆ ಅಲ್ಲ. ನಾರಪ್ಪ, ಧರ್ಮೇಂದ್ರ, ಮಂತ್ರ ಹೇಳಿದ ಐನೋರು, ಗಾಡಿ ಓಡಿಸಿದವನು, ಇವರೆಲ್ಲರ ಮೇಲೆ ಕೇಸು ಹಾಕಿ. ಅದರ ಪಟ್ಟಿಯಲ್ಲಿ ನನ್ನ ಹೆಸರು ಬರಬೇಕಾದರೆ ಅದನ್ನೂ ಹಾಕಿ, ಓಡಿಹೋಗುವುದಿಲ್ಲ. ಆದರೆ ಕೇಸಿನ ಮೊದಲು ಹುಡುಗಿ. ಆ ರೂಮು ಈ ಠಾಣೆಯಿಂದ ನಾಲ್ಕು ಕಿಲೋಮೀಟರ್. ಅವಳು ಕಟ್ ಕೇಳಿದಳು, ನನಗೆ ಕೇಳಿಸಲಿಲ್ಲ. ಸೆಟ್ಟಿನಲ್ಲಿ ಆ ಮಾತು ಹೇಳುವ ಹಕ್ಕು ಒಬ್ಬರಿಗೇ, ಅದು ನನಗೆ. ಭಾನುವಾರ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ಕಟ್. ಜೀಪು ತೆಗೀರಿ.

ಮೇಲಿನದನ್ನು ಉಜ್ಜಿನಪ್ಪನವರು ನನಗೆ ಓದಿ ಹೇಳಿದರು, ನಾನೂ ನನ್ನ ಕಣ್ಣಿನಿಂದ ಓದಿಕೊಂಡೆ. ನಾನು ಹೇಳಿದ್ದೇ ಇದೆ. ಎರಡು ಬೈಗುಳ ಬಿಟ್ಟಿದ್ದಾರೆ, ಅದಕ್ಕೆ ತಕರಾರಿಲ್ಲ. ಉಳಿದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಜೀಪು ಹೊರಡದೆ ಸಹಿ ಹಾಕುವುದಿಲ್ಲ ಎಂದು ತಿಳಿಸಿದ್ದೇನೆ.

ಸ್ಥಳ: ಹಿಂದೂಪುರ
ದಿನಾಂಕ: 26-02-2026
ಬರೆದುಕೊಂಡವರು: ಉಜ್ಜಿನಪ್ಪ, ಹೆಡ್ ಕಾನ್‌ಸ್ಟೇಬಲ್

ಸಹಿ: ಭಾರ್ಗವಿ
(ಜೀಪಿನ ಬಾನೆಟ್ ಮೇಲೆ ಇಟ್ಟು ಹಾಕಿದ್ದು. ಅಕ್ಷರ ಅಲುಗಿರುವುದು ಇಂಜಿನ್ ಚಾಲೂ ಇದ್ದುದರಿಂದ.)